ಮೂರನೆಯ ಪಾರೆ, ಹನ್ನೊಂದನೆಯ ಪಾರೆ

ನಮ್ಮ ಮನೆಯ ಗೇಟಿನ ಬೋರ್ಡಿನಲ್ಲಿ ನನ್ನ ಹೆಸರು ಎಡಬದಿಯಿಂದ ನಾಲ್ಕು ಬೆರಳು ಜಾಗ ಬಿಟ್ಟು ಶುರುವಾಗುತ್ತದೆ. ಬೋರ್ಡು ಬರೆದ ಪೇಂಟರು ತಪ್ಪಿ ಹಾಗೆ ಮಾಡಿದ್ದಲ್ಲ. "ಡಾಕ್ಟರ್ ಅಂದೇಳಿ ಬರೂಕೆ ಜಾಗ ಬಿಟ್ಟಿದ್ದೆ ಮೇಡಂ. ಆದ್ ಕೂಡ್ಲೆ ಒಂದ್ ಮಾತ್ ಹೇಳಿ, ಬಂದ್ ಬರ್ದ್ ಕೊಡ್ತೆ" ಎಂದು ಅವರು ಹೇಳಿಯೇ ಹೋಗಿದ್ದರು. ಅವರಿಗೆ ಈ ಸುದ್ದಿ ಕೊಟ್ಟವರು ನಮ್ಮವರು. ಗಂಗೊಳ್ಳಿಯ ಮಂಜುಗಡ್ಡೆ ಫ್ಯಾಕ್ಟರಿಯಲ್ಲಿ ಮ್ಯಾನೇಜರಾಗಿದ್ದ ನಮ್ಮವರಿಗೆ ಹೆಂಡತಿಯ ಮೇಲೆ ಅಷ್ಟು ಭರವಸೆ. ಪೇಂಟರು ಆಮೇಲೆ ಫ್ಲೆಕ್ಸ್ ಅಂಗಡಿ ಹಾಕಿ, ಅದನ್ನೂ ಮಗನಿಗೆ ಬಿಟ್ಟುಕೊಟ್ಟು ವಿಶ್ರಾಂತಿಗೆ ಕೂತರು. ಜಾಗ ಮಾತ್ರ ಹಾಗೇ ಇದೆ. ಕೊರಿಯರಿನವರು "ಮೊದ್ಲಿನ ಅಕ್ಷರ ಅಳಿಸಿ ಹೋಯ್ತಾ?" ಎಂದು ಕೇಳುತ್ತಾರೆ. ಹೌದು ಎನ್ನುತ್ತೇನೆ. ಸೋತವರು ಸೋಲನ್ನು ಎದೆಯೊಳಗೆ ಮುಚ್ಚಿಟ್ಟುಕೊಳ್ಳುವುದು ವಾಡಿಕೆ. ನಾನು ಅದನ್ನು ಗೇಟಿಗೆ ತಗುಲಿಹಾಕಿದ್ದೇನೆ.

ಆಗ ನಾನು ಕುಂದಾಪುರದ ಒಂದು ಕಾಲೇಜಿನಲ್ಲಿ ಇತಿಹಾಸದ ಲೆಕ್ಚರರ್. ಎರಡು ಸಾವಿರದ ಎರಡೋ ಮೂರೋ ಇಸವಿ. ಇತಿಹಾಸಕ್ಕೆ ಸೇರುವವರು ಬೇರೆಲ್ಲೂ ಸೀಟು ಸಿಗದ ಮಕ್ಕಳು, ಇತಿಹಾಸ ಕಲಿಸುವವರು ಬೇರೇನೂ ಕಲಿಸಲು ಬಾರದವರು ಎಂಬ ಅಭಿಪ್ರಾಯ ನಮ್ಮ ಸ್ಟಾಫ್ ರೂಮಿನಲ್ಲಿ ಗಟ್ಟಿಯಾಗಿ ನೆಲೆಯೂರಿತ್ತು. ಅದನ್ನು ಸುಳ್ಳು ಮಾಡಲು ಪಿಎಚ್.ಡಿ. ಮಾಡುವುದೆಂದು ತೀರ್ಮಾನಿಸಿ ನೋಂದಣಿ ಮಾಡಿಸಿದೆ. ವಿಷಯ ಸಿಕ್ಕಿದ್ದು ಸಾಲಿಗ್ರಾಮದ ಐತಾಳ ಮಾಸ್ಟ್ರಿಂದ. ಅವರು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ಟ್ರಾಗಿ ನಿವೃತ್ತರಾದವರು. ರಜೆಯಲ್ಲೆಲ್ಲ ಬೈಂದೂರಿನಿಂದ ಬ್ರಹ್ಮಾವರದವರೆಗಿನ ಗುಡ್ಡಬೆಟ್ಟ ಅಲೆದು, ಪಾರೆಗಳ ಮೇಲಿನ ಚಿತ್ರಗಳನ್ನು ಬರೆದುಕೊಂಡು ಬರುವುದು ಅವರ ಹುಚ್ಚು. ಪಾರೆ ಎಂದರೆ ನಮ್ಮ ಕಡೆ ಮುರಕಲ್ಲಿನ, ಅಂದರೆ ಜಂಬಿಟ್ಟಿಗೆ ಕಲ್ಲಿನ ಬಯಲು. ಅಂಗಳದ ಹಾಗೆ ಚಪ್ಪಟೆ, ಬಿಸಿಲಿಗೆ ಕಾದ ಕಾವಲಿ. ಅಲ್ಲಿ ಕೆಲವು ಕಡೆ ಎಷ್ಟೋ ಸಾವಿರ ವರ್ಷಗಳ ಹಿಂದೆ ಯಾರೋ ಎತ್ತು, ಜಿಂಕೆ, ಜೋಡಿ ಪಾದ, ಸುತ್ತು ಗೆರೆ ಎಂದೆಲ್ಲ ಕೆತ್ತಿ ಹೋಗಿದ್ದಾರೆ. ಯಾಕೆ ಕೆತ್ತಿದರು ಎಂದು ಕೇಳಬಾರದು. ಅದು ಗೊತ್ತಿದ್ದರೆ ನಾನು ಡಾಕ್ಟರ್ ಆಗಿರುತ್ತಿದ್ದೆ.

"ಚಿತ್ರ ಬರೂಕೆ ನಾನಿದ್ದೆ. ಅದ್ರ ಅರ್ಥ ಎಂತ ಅಂದೇಳಿ ಕಾಂಬುಕೆ ಒಬ್ರ್ ಓದ್ದವ್ರ್ ಬೇಕಿತ್ತ್" ಎಂದು ಮಾಸ್ಟ್ರು ತಮ್ಮ ಹಾಳೆಗಳನ್ನೆಲ್ಲ ನನಗೆ ಕೊಟ್ಟರು. ಓದಿದವಳು ನಾನು ಎಂದು ಅವರು ಹೇಗೆ ನಂಬಿದರೋ. ಹಳೆಯ ಮನುಷ್ಯರು, ಸೀರೆಗೆ ಪಿನ್ನು ಹಾಕಿಕೊಂಡು ಕನ್ನಡಕ ಇಟ್ಟುಕೊಂಡವರನ್ನೆಲ್ಲ ನಂಬುತ್ತಿದ್ದರು. ಮುಂದಿನ ಮೂರು ವರ್ಷ ನಾವಿಬ್ಬರೂ, ರಜೆ ಸಿಕ್ಕಾಗ ನಮ್ಮವರೂ ಸೇರಿ ಇನ್ನಷ್ಟು ಪಾರೆಗಳನ್ನು ಹುಡುಕಿದೆವು. ಒಟ್ಟು ಹದಿನಾಲ್ಕು ಆದವು. ಒಂದೊಂದು ಪಾರೆಗೂ ಒಂದು ನಂಬರು, ಅಂಚಿನಲ್ಲಿ ಆ ನಂಬರಿನ ಗೂಟ, ಒಂದು ಊರಿನ ಹೆಸರು, ಹೊದಿಕೆಯಷ್ಟು ಅಗಲದ ಒಂದು ಚಿತ್ರದ ಹಾಳೆ. ಹದಿನಾಲ್ಕು ಹೊದಿಕೆಗಳನ್ನು ಇಟ್ಟುಕೊಂಡು ಒಂದಕ್ಕೊಂದು ಹೋಲಿಸುವುದು ಹೇಗೆ ಎಂದು ಕೇಳಿದಾಗ ನನ್ನ ಗೈಡ್ ಪ್ರೊಫೆಸರು, ಮೂಗಿನ ಮೇಲಿನ ಕನ್ನಡಕ ಏರಿಸಿ, "ಡೇಟಾಬೇಸ್ ಮಾಡಿ. ಈಗೆಲ್ಲ ಡೇಟಾಬೇಸ್" ಎಂದರು. ಅದೇನೆಂದು ಅವರಿಗೂ ಗೊತ್ತಿರಲಿಲ್ಲ ಎಂಬುದು ನನಗೆ ತಿಳಿಯುವಾಗ ತಡವಾಗಿತ್ತು.

ಗೊತ್ತಿದ್ದವಳು ಸುಜಾತ. ಒಂದು ಕಾಲದಲ್ಲಿ ನನ್ನ ಕ್ಲಾಸಿನ ಕೊನೆಯ ಬೆಂಚಿನಲ್ಲಿ ಕೂತು ಅಕ್ಬರನ ಆಡಳಿತದುದ್ದಕ್ಕೂ ನಿದ್ದೆ ಮಾಡಿದ್ದ ಹುಡುಗಿ. ಈಗ ಬಸ್‌ಸ್ಟ್ಯಾಂಡಿನ ಎದುರಿನ ಕಂಪ್ಯೂಟರ್ ಕ್ಲಾಸಿನ ಟೀಚರು. ನಾನು ಅವಳ ವಿದ್ಯಾರ್ಥಿನಿಯಾದೆ. ಆ ಒಂದು ತಿಂಗಳಲ್ಲಿ ಅವಳು ನನ್ನ ಮೇಲೆ ಎಲ್ಲ ಸೇಡನ್ನೂ ತೀರಿಸಿಕೊಂಡಳು. "ಮೇಡಂ, ಮೌಸ್ ಅಂದ್ರೆ ಲಟ್ಟಣಿಗೆ ಅಲ್ಲ, ಅಷ್ಟ್ ಒತ್ಬೇಡಿ." "ಮೇಡಂ, ಸೇವ್ ಮಾಡಿದ್ರ್ಯಾ? ಇಲ್ಯಾ? ಹಾಂಗಾರೆ ಮೊದಲಿಂದ." ಕಡೆಗೆ ಅವಳೇ ಕನಿಕರಪಟ್ಟು ನನಗೊಂದು ಫಾರಂ ಮಾಡಿಕೊಟ್ಟಳು. ಪಾರೆಯ ನಂಬರು, ಊರು, ಎಷ್ಟು ಚಿತ್ರ, ಯಾವ ಪ್ರಾಣಿ, ಕೊಂಬಿನ ಉದ್ದ, ಗೆರೆಯ ಆಳ ಎಂದು ಖಾನೆಗಳು. ಎಲ್ಲ ತುಂಬಿಸಿ ಒಂದು ಗುಂಡಿ ಒತ್ತಿದರೆ, ಯಾವ ಪಾರೆ ಯಾವ ಪಾರೆಯನ್ನು ಹೆಚ್ಚು ಹೋಲುತ್ತದೆ ಎಂದು ಅದೇ ಹುಡುಕಿ ಸಾಲಾಗಿ ಹೇಳುತ್ತದೆ. "ನೀವು ಚಿತ್ರ ಕಾಂಬ್ದೇ ಬ್ಯಾಡ ಮೇಡಂ, ಎಲ್ಲ ಅದೇ ಕಂಡ್ಕಂತ್" ಎಂದಳು ಸುಜಾತ. ನಾನು ಆ ಮಾತನ್ನು ಅಕ್ಷರಶಃ ಪಾಲಿಸಿದೆ.

ಸೆಕೆಂಡ್ ಹ್ಯಾಂಡ್ ಕಂಪ್ಯೂಟರು ಮನೆಗೆ ಬಂತು. ಅದಕ್ಕೆ ಬೇರೆ ಮೇಜಿರಲಿಲ್ಲವಾದ್ದರಿಂದ ನನ್ನ ಹೊಲಿಗೆ ಮಿಷನ್ನಿನ ಮೇಲೆ ಕೂರಿಸಿದೆವು. ಯೋಚನೆಯ ಭರದಲ್ಲಿ ಕಾಲು ತಾನಾಗಿ ಪೆಡಲು ತುಳಿದರೆ ಇಡೀ ಶಿಲಾಯುಗ ಗಡಗಡ ನಡುಗುತ್ತಿತ್ತು. ಕರೆಂಟು ಹೋದರೆ ಬ್ಯಾಟರಿ ಡಬ್ಬಿ ಮರಿಹಾಕಿದ ಬೆಕ್ಕಿನ ಹಾಗೆ ಕೂಗುತ್ತಿತ್ತು, ಮತ್ತು ಸೇವ್ ಮಾಡಲು ನಾನು ಸರಿಯಾದ ಗುಂಡಿ ಹುಡುಕುವುದರೊಳಗೆ ಸುಮ್ಮನಾಗುತ್ತಿತ್ತು. ಕನ್ನಡದಲ್ಲಿ ಬರೆದದ್ದೆಲ್ಲ ಮರುದಿನ ಪ್ರಶ್ನಾರ್ಥಕ ಚಿಹ್ನೆಗಳಾಗಿರುತ್ತಿದ್ದವು. ಸಂಶೋಧನೆಯ ನಿಜ ಸ್ಥಿತಿ ಅದೇ ಆಗಿದ್ದರಿಂದ ನನಗೆ ದೂರಲೂ ಬಾಯಿ ಬರಲಿಲ್ಲ. ಇಂಗ್ಲಿಷ್ ಅಕ್ಷರಕ್ಕೆ ಬದಲಾಯಿಸಿದರೆ ಬೇರೆ ಕಷ್ಟ. ಬೈಂದೂರನ್ನು ನಾನು ಸೋಮವಾರ ಒಂದು ರೀತಿ ಬರೆದರೆ ಗುರುವಾರ ಇನ್ನೊಂದು ರೀತಿ. ಕುಂದಾಪುರಕ್ಕಂತೂ ಬ್ರಿಟಿಷರು ಬಿಟ್ಟುಹೋದದ್ದು, ಬಸ್ಸಿನ ಬೋರ್ಡಿನದ್ದು, ನನ್ನದು ಎಂದು ಮೂರು ಕಾಗುಣಿತ. ಮಿಷನ್ನು ಅವನ್ನೆಲ್ಲ ಬೇರೆ ಬೇರೆ ಊರೆಂದು ತಿಳಿದು ಜಿಲ್ಲೆಗೆ ಹೊಸ ಪಟ್ಟಣಗಳನ್ನು ಸೇರಿಸಿತು.

ಪ್ರಾಣಿಯ ಖಾನೆ ಇನ್ನೂ ಕಷ್ಟ. ಎತ್ತು, ಜಿಂಕೆ, ನಾಯಿ, ಇತರೆ ಎಂದು ನಾಲ್ಕೇ ಆಯ್ಕೆ. ಮಳೆಗಾಳಿಗೆ ಸವೆದ ಗೆರೆ ನೋಡಿ ಮಾಸ್ಟ್ರು ಎತ್ತು ಎಂದರೆ, ನಮ್ಮವರು ನಾಯಿ ಎನ್ನುತ್ತಿದ್ದರು, ನನಗೆ ಕುರ್ಚಿಯ ಹಾಗೆ ಕಾಣುತ್ತಿತ್ತು. ಜಗಳ ಬೇಡವೆಂದು 'ಇತರೆ' ಒತ್ತುತ್ತಿದ್ದೆ. ಹದಿನಾಲ್ಕು ಪಾರೆ ಮುಗಿಸಿ ಮೊದಲ ಸಲ ಲೆಕ್ಕ ತೆಗೆದಾಗ, ಪ್ರಾಚೀನ ಕರಾವಳಿಯಲ್ಲಿ ಎಲ್ಲಕ್ಕಿಂತ ಹೇರಳವಾಗಿದ್ದ ಪ್ರಾಣಿ 'ಇತರೆ' ಎಂದು ತಿಳಿಯಿತು. ಹಿಂಡು ಹಿಂಡಾಗಿ ಮೇಯುತ್ತಿದ್ದವು.

ಈಗ ಆ ಎರಡು ಪಾರೆಗಳ ವಿಷಯ ಹೇಳಬೇಕು. ಮೂರನೆಯ ನಂಬರಿನದ್ದು ಬೈಂದೂರು ಕಡೆಯಿಂದ ಹತ್ತಿ ಹೋಗುವ ಮೇಲ್‌ಹಕ್ಲು ಎಂಬ ಊರಿನ ದನದ ಪಾರೆ. ಅಲ್ಲಿಗೆ ಹೋದದ್ದು ಏಪ್ರಿಲ್ ತಿಂಗಳ ಸುಡುಬಿಸಿಲಲ್ಲಿ, ಜೀಪಿನಲ್ಲಿ, ಮಾಸ್ಟ್ರ ಜೊತೆ. ನನಗೆ ತಲೆಶೂಲೆ ಬಂದು, ಅಂಚಿನ ಗೇರುಮರದ ನೆರಳಲ್ಲಿ ಕೂತುಬಿಟ್ಟೆ. ಮಾಸ್ಟ್ರು ತಲೆಗೆ ಟವೆಲು ಸುತ್ತಿಕೊಂಡು ಪಾರೆಯ ನಡುವೆ ಕುಕ್ಕರಗಾಲಲ್ಲಿ ಕೂತು ಅಳತೆ ಕೂಗಿ ಹೇಳಿದರು, ನಾನು ಬರೆದುಕೊಂಡೆ. ಚಿತ್ರವನ್ನೂ ಅವರೇ ಬರೆದರು. ನಾನು ಪಾರೆಗೆ ಕಾಲಿಡಲಿಲ್ಲ. ಹನ್ನೊಂದನೆಯದು ಕುಂದಾಪುರ ಕಡೆಯಿಂದ ಹೋಗುವ ಕೆಳಾಬೆಟ್ಟು ಎಂಬ ಊರಿನ ಪಾದದ ಪಾರೆ. ಅದು ಎರಡು ವರ್ಷದ ನಂತರ, ಅಕ್ಟೋಬರಿನಲ್ಲಿ, ಮಳೆ ಬಿಟ್ಟ ಹೊಸದರಲ್ಲಿ. ಮಾಸ್ಟ್ರಿಗೆ ಮಂಡಿನೋವು. ಸ್ಕೂಟರಿನಲ್ಲಿ ನಾನೂ ನಮ್ಮವರೂ ಹೋದದ್ದು. ಪಾರೆಯ ಸುತ್ತ ಸೊಂಟದೆತ್ತರ ಹುಲ್ಲು. ನಮ್ಮವರು ಟೇಪು ಹಿಡಿದರು, ನಾನು ಚಿತ್ರ ಬರೆದೆ. ಹಾಳೆಯಲ್ಲಿ ಉತ್ತರ ದಿಕ್ಕು ಗುರುತಿಸಲೇಬೇಕು ಎಂದು ಪುಸ್ತಕದಲ್ಲಿತ್ತು. ಕಂಪಾಸು ಮನೆಯಲ್ಲಿತ್ತು. ನಡುಮಧ್ಯಾಹ್ನ, ಸೂರ್ಯ ನೆತ್ತಿಯ ಮೇಲೆ. ನಮ್ಮವರು ಒಂದು ಕಡೆ ಕೈ ತೋರಿಸಿದರು. ಅದನ್ನೇ ಉತ್ತರ ಮಾಡಿದೆ.

ಮುಂದಿನ ಜೂನಿನಲ್ಲಿ ಒಂದು ಭಾನುವಾರ ಸುಜಾತಳನ್ನು ಕೂರಿಸಿಕೊಂಡು ಗುಂಡಿ ಒತ್ತಿದೆ. ಮಿಷನ್ನು ಬಹಳ ಹೊತ್ತು ಗುರುಗುಟ್ಟಿತು. ನಾವು ಚಹಾ ಕುಡಿದು ಲೋಟ ತೊಳೆದಿಟ್ಟು ಬಂದ ಮೇಲೆ ಫಲಿತಾಂಶ ಬಂತು. ಬೇರೆ ಯಾವ ಪಾರೆಗೂ ಯಾವ ಪಾರೆಗೂ ಸಂಬಂಧವಿಲ್ಲ. ಆದರೆ ಮೂರು ಮತ್ತು ಹನ್ನೊಂದು! ಎತ್ತಿನ ಸಂಖ್ಯೆ ಒಂದೇ, ಜೋಡಿ ಪಾದ ಎರಡೂ ಕಡೆ ಎರಡೆರಡು, ದೊಡ್ಡ ಎತ್ತಿನ ಕೊಂಬಿನ ಉದ್ದದಲ್ಲಿ ಒಂದು ಬೆರಳಿನ ವ್ಯತ್ಯಾಸವಿಲ್ಲ. 'ಇತರೆ' ಮಾತ್ರ ಹನ್ನೊಂದರಲ್ಲಿ ಒಂದು ಹೆಚ್ಚು. ಬೈಂದೂರಿನ ಕಡೆಯ ಒಂದು ಊರು, ಕುಂದಾಪುರದ ಕಡೆಯ ಒಂದು ಊರು. ಬಸ್ಸಿನಲ್ಲಿ ಹೋಗುವುದಾದರೆ ಹೈವೇಗೆ ಇಳಿದು, ಬಸ್ಸು ಬದಲಿಸಿ, ಮತ್ತೆ ಹತ್ತಿ ಅರ್ಧ ದಿನದ ದಾರಿ. ಅಷ್ಟು ದೂರದಲ್ಲಿ ಒಂದೇ ಕೈಯ ಕೆಲಸ! ಒಂದೇ ಕುಲದವರು! ವಲಸೆ! ನನ್ನ ಕಾಲು ಪೆಡಲು ತುಳಿಯಿತು, ಸುಜಾತ ಮಾನಿಟರು ಹಿಡಿದುಕೊಂಡಳು.

ಆ ವಾರ ನಾನು ಭೂಮಿಯ ಮೇಲೆ ನಡೆಯಲಿಲ್ಲ. ಗೈಡ್ ಪ್ರೊಫೆಸರಿಗೆ ಫೋನು ಮಾಡಿದರೆ, "ಇದೊಂದು ಸಾಕಮ್ಮ ನಿನ್ನ ಪ್ರಬಂಧಕ್ಕೆ. ಬೇಗ ಬರೆದು ಮುಗಿಸು, ಅವಧಿ ಇನ್ನೊಂದು ಸಲ ವಿಸ್ತರಿಸಲು ಆಗುವುದಿಲ್ಲ" ಎಂದರು. ಬ್ರಹ್ಮಾವರದ ಒಂದು ಕಾಲೇಜಿನಲ್ಲಿ ಆಗಸ್ಟಿನಲ್ಲಿ ವಿಚಾರ ಸಂಕಿರಣವಿತ್ತು. 'ಕರಾವಳಿಯ ಅವಳಿ ಪಾರೆಗಳು' ಎಂದು ಸಾರಾಂಶ ಕಳಿಸಿದೆ. ಒಪ್ಪಿಗೆಯೂ ಬಂತು, ಅಚ್ಚಿಗೂ ಹೋಯಿತು. ಸ್ಟಾಫ್ ರೂಮಿನಲ್ಲಿ ಬೊಂಡ ತರಿಸಿದೆ. ಐತಾಳ ಮಾಸ್ಟ್ರಿಗೆ ಮನೆಗೇ ಹೋಗಿ ವಿಷಯ ಹೇಳಿದೆ. ಅವರು ಒಳಗೆ ತಿರುಗಿ ಹೆಂಡತಿಗೆ, "ಕೇಂಡ್ಯಾ? ಬಿಸ್ಲಿಗ್ ಸಾಯುಕೆ ಹೋತ್ರಿ ಅಂದೇಳಿ ಬೈತಿದ್ಯಲೆ? ಈಗ ಕಂಪ್ಯೂಟರೇ ಹೇಳ್ತ್, ನನ್ ಕೆಲ್ಸ ಬರೀ ಹುಚ್ಚಲ್ಲ ಅಂದೇಳಿ" ಎಂದರು. ಸಂಕಿರಣಕ್ಕೆ ತೊಡಲು ಹೊಸ ಅಂಗಿ ಹೊಲಿಸಲು ಕೊಟ್ಟರು. ಆ ಅಂಗಿಯ ಸುದ್ದಿ ನನಗೆ ಗೊತ್ತಾಗದಿದ್ದರೆ ಎಷ್ಟು ಚೆನ್ನಾಗಿತ್ತು.

ಸಂಕಿರಣಕ್ಕೆ ನಾಲ್ಕು ದಿನ ಇದೆ ಎನ್ನುವಾಗ ಮಳೆ ಹಿಡಿದುಕೊಂಡಿತು. ಕಪಾಟಿನಲ್ಲಿದ್ದ ಹಾಳೆಗಳಿಗೆ ಬೂಸಲು ಬರತೊಡಗಿತು. ನಾನು ಕಾಲೇಜಿನಿಂದ ಬರುವಾಗ ನಮ್ಮ ಅತ್ತೆ ಹಾಳೆಗಳನ್ನೆಲ್ಲ ಹೊರತೆಗೆದು, ಜಗಲಿಯಿಂದ ಒಳಕೋಣೆಯವರೆಗೆ ನೆಲಕ್ಕೆ ಹಾಸಿ, ಫ್ಯಾನು ಹಾಕಿ, ಮೂಲೆಗೊಂದರಂತೆ ಅಡುಗೆಮನೆಯ ತಪಲೆ ಇಟ್ಟು ಒಣಗಿಸುತ್ತಿದ್ದರು. ಒಣಗಿಸುವ ವಿದ್ಯೆಯಲ್ಲಿ ಅವರನ್ನು ಮೀರಿಸಿದವರಿಲ್ಲ. ಮೂವತ್ತು ವರ್ಷ ಮೀನು ಮಾರಿದವರು ಅವರು. ಗಂಗೊಳ್ಳಿಯ ಬಂದರಿನಲ್ಲಿ ಬೆಳಗ್ಗೆ ಬುಟ್ಟಿ ತುಂಬಿಸಿಕೊಂಡು, ಮೊದಲ ಬಸ್ಸು ಹತ್ತಿ, ಬಸ್ಸು ನಿಲ್ಲುವಲ್ಲಿ ಇಳಿದು, ಅಲ್ಲಿಂದ ತಲೆಹೊರೆಯಲ್ಲಿ ಗುಡ್ಡದಾಚೆಯ ಮನೆಮನೆಗೆ ಬಂಗುಡೆ ಮುಟ್ಟಿಸಿದವರು. ಗುಲಾಬಿ ಎಂದರೆ ಬೈಂದೂರು ಕಡೆಯ ಊರುಗಳಲ್ಲಿ ಹಳಬರಿಗೆ ಈಗಲೂ ಗೊತ್ತು. ಮಗ ಮ್ಯಾನೇಜರಾದ ಮೇಲೆ ಬುಟ್ಟಿ ಇಳಿಸಿ ಮನೆಯಲ್ಲಿದ್ದರು. ನನ್ನ ಸಂಶೋಧನೆಯ ಬಗ್ಗೆ ಅವರು ಯಾವತ್ತೂ ಕೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ಹೇಳಿದರೆ ಅರ್ಥವಾಗಲಿಕ್ಕಿಲ್ಲ ಎಂದು ತಿಳಿದಿದ್ದೆ ಎಂಬುದನ್ನು ಇಲ್ಲಿ ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ.

"ಹೆಣೆ, ಒಂದೇ ಕಲ್ಲನ್ನ ಎರ್ಡ್ ಸರ್ತಿ ಎಂತಕ್ ಬರ್ದದ್?" ಎಂದರು ಅತ್ತೆ. ಹೆಣೆ ಎಂದರೆ ನಮ್ಮ ಕಡೆ ಹೆಣ್ಣೇ, ಮಗಳೇ ಎಂದ ಹಾಗೆ.

ನಾನು ಕೊಡೆ ಮಡಚುತ್ತಿದ್ದೆ. "ಯಾವ ಕಲ್ಲು ಅತ್ತೆ?"

"ಇದ್ ಕಾಣ್, ಇದ್ ಕಾಣ್." ಅವರು ಕಾಲಿನ ಹೆಬ್ಬೆರಳಲ್ಲಿ ತೋರಿಸಿದರು. ಒಂದು ಮೂರು, ಇನ್ನೊಂದು ಹನ್ನೊಂದು.

"ಅಲ್ಲ ಅತ್ತೆ, ಅವು ಬೇರೆ ಬೇರೆ. ಇದು ಮೇಲ್‌ಹಕ್ಲಿನ ದನದ ಪಾರೆ. ಇದು ಕೆಳಾಬೆಟ್ಟಿನ ಪಾದದ ಪಾರೆ."

"ಎಂಥ ಬೇರೆ ಮಾರಾಯ್ತಿ? ಮೇಲ್‌ಹಕ್ಲಲ್ ಯಾಪಾರ ಮುಗ್ಸಿ ಹೋಪತಿಗೆ ಈ ಬದಿಯಂಗೆ ಹತ್ತುದ್. ಹತ್ತಿದ್ ಕೂಡ್ಲೆ ದನ ಕಾಣ್ತ್. ಹಾಂಗಾಯ್ ಅಲ್ಲಿಯವ್ರ್ ದನದ ಪಾರೆ ಅಂಬ್ರ್. ಪಾರೆ ದಾಟಿ ಆಚಿ ಬದಿಯಂಗೆ ಇಳ್ದ್ರೆ ಕೆಳಾಬೆಟ್ಟ್. ಅಲ್ಲಿಂದ ಹತ್ತಿದವ್ರಿಗೆ ಮೊದಲ್ ಕಾಂಬುದ್ ಪಾದ. ಅವ್ರ್ ಪಾದದ ಪಾರೆ ಅಂಬ್ರ್. ಎಲಿ ಅಡ್ಕಿ ಬಾಯಿಗ್ ಹಾಕಿ ತುಪ್ಪುದ್ರೊಳ್ಗೆ ದಾಟಿ ಆತ್ತ್. ನಾನ್ ದಿನಾ ಬುಟ್ಟಿ ಇಳ್ಸಿ ಕೂಕಂಬುದ್ ಇಲ್ಲಿ ಅಲ್ದಾ, ಈ ಚಕ್ರದ್ ಹತ್ರ?" ಎಂದು ಬಗ್ಗಿ, ಹನ್ನೊಂದನೆಯ ಹಾಳೆಯ ತುದಿ ಹಿಡಿದು ಚಾಪೆ ತಿರುಗಿಸಿದ ಹಾಗೆ ತಿರುಗಿಸಿದರು.

ಅಷ್ಟೇ. ತಲೆಕೆಳಗಾದ ಹಾಳೆಯಲ್ಲಿ ಎತ್ತಿನ ಎದುರಿಗೆ ಎತ್ತು ಬಂದು ನಿಂತಿತು. ಪಾದದ ಎದುರಿಗೆ ಪಾದ. ಸುತ್ತು ಗೆರೆಯ ಪಕ್ಕದ ಬಿರುಕು ಕೂಡ ಮಾಸ್ಟ್ರ ಹಾಳೆಯಲ್ಲಿ ಇದ್ದಲ್ಲೇ ನನ್ನದರಲ್ಲೂ ಇತ್ತು. ಅಷ್ಟು ದಿನದಲ್ಲಿ ಆ ಎರಡು ಹಾಳೆಗಳನ್ನು ಒಮ್ಮೆಯೂ ನಾನು ಪಕ್ಕಪಕ್ಕ ಇಟ್ಟು ನೋಡಿರಲಿಲ್ಲ. ನೋಡುವ ಕೆಲಸವನ್ನು ಮಿಷನ್ನಿಗೆ ವಹಿಸಿಕೊಟ್ಟಿದ್ದೆ. ಅದು ಪ್ರಾಮಾಣಿಕವಾಗಿ ಹೇಳಿತ್ತು, ಎರಡೂ ಒಂದೇ ಎಂದು. ಅದಕ್ಕಿಂತ ಸ್ಪಷ್ಟವಾಗಿ ಪಾಪದ ಮಿಷನ್ನು ಹೇಗೆ ಹೇಳೀತು?

ನಾನು ಒದ್ದೆ ಸೀರೆಯಲ್ಲೇ ನೆಲದ ಮೇಲೆ ಕೂತೆ. ಅತ್ತೆಗೆ ನನ್ನ ಮುಖ ನೋಡಿ ಗಾಬರಿಯಾಯಿತು. "ಎಂತ ಆಯ್ತ್? ಒಂದೇ ಆದ್ರೆ ಒಳ್ಳೇದಲ್ದಾ? ಕೆಲ್ಸ ಒಂದ್ ಕಮ್ಮಿ ಆಯ್ತ್" ಎಂದು ಬಿಸಿಬಿಸಿ ಗಂಜಿ ತಂದುಕೊಟ್ಟರು. ಅವರಿಗೆ ಹೇಗೆ ವಿವರಿಸಲಿ, ಹದಿನಾಲ್ಕು ಪಾರೆಗಳಲ್ಲಿ ನನ್ನ ಕೈಗೆ ಸಿಕ್ಕಿದ್ದ ಒಂದೇ ಒಂದು ಸಂಬಂಧ ಅದಾಗಿತ್ತೆಂದು?

ಮರುದಿನ ಕ್ಲಾಸಿನಲ್ಲಿ ಮೌರ್ಯರ ಪತನದ ಕಾರಣಗಳನ್ನು ಹೇಳುತ್ತ ನನ್ನ ಪತನದ ಬಗ್ಗೆಯೇ ಯೋಚಿಸಿದೆ. ಸುಮ್ಮನಿದ್ದುಬಿಟ್ಟರೆ? ಗೊತ್ತಿರುವುದು ಅತ್ತೆಗೆ ಮಾತ್ರ. ಅವರು ಬ್ರಹ್ಮಾವರದ ಸಂಕಿರಣದಲ್ಲಿ ಎದ್ದು ಪ್ರಶ್ನೆ ಕೇಳುವವರಲ್ಲ. ಆ ಗುಡ್ಡ ಹತ್ತುವ ಪ್ರೊಫೆಸರುಗಳೂ ಯಾರಿಲ್ಲ. ಮಧ್ಯಾಹ್ನದವರೆಗೆ ಈ ವಿಚಾರ ನನಗೆ ಬಹಳ ಹಿಡಿಸಿತು. ಆಮೇಲೆ ಮಾಸ್ಟ್ರ ಹೊಸ ಅಂಗಿ ನೆನಪಾಗಿ ಊಟದ ಡಬ್ಬಿ ಮುಚ್ಚಿದೆ. ಅರ್ಧ ದಿನ ರಜೆ ಹಾಕಿ ಸಾಲಿಗ್ರಾಮದ ಬಸ್ಸು ಹತ್ತಿದೆ. ಕುಂಭಾಶಿ ಬಂದಾಗ ಆನೆಗುಡ್ಡೆ ವಿನಾಯಕನಿಗೆ ಬಸ್ಸಿನಿಂದಲೇ ಕೈಮುಗಿದು, ಮಾಸ್ಟ್ರು ಮನೆಯಲ್ಲಿ ಇಲ್ಲದಿರಲಿ ಎಂದು ಬೇಡಿಕೊಂಡೆ. ಅವರು ಗೇಟಿನಲ್ಲೇ ನಿಂತಿದ್ದರು.

ಎರಡು ಹಾಳೆಗಳನ್ನೂ ಅವರ ಮುಂದೆ ಬಿಚ್ಚಿ, ಒಂದನ್ನು ತಿರುಗಿಸಿ ಇಟ್ಟೆ. ಮಾಸ್ಟ್ರು ಕನ್ನಡಕ ಹಾಕಿಕೊಂಡು ನೋಡಿದರು, ಕನ್ನಡಕ ತೆಗೆದು ನೋಡಿದರು. "ಯಾರ್ ಕಂಡದ್ದ್ ಇದ್?" ಎಂದು ಕೇಳಿದರು. ಅತ್ತೆ ಎಂದೆ. "ನಾಳೆ ಅವ್ರನ್ನ ಕರ್ಕಂಡ್ ಬನ್ನಿ. ಹೋಯಿ ಕಾಂಬ" ಎಂದರು. ಮಳೆ ಬರುತ್ತಿದೆ, ನಿಮ್ಮ ಮಂಡಿ ಎಂದರೆ, "ಮಂಡಿ ಇಲ್ಲೇ ಇದ್ರೂ ನೋವಾತ್ತ್" ಎಂದರು.

ಹೋದೆವು. ಬಾಡಿಗೆ ರಿಕ್ಷಾದಲ್ಲಿ ಮೇಲ್‌ಹಕ್ಲಿನವರೆಗೆ, ಅಲ್ಲಿಂದ ನಡಿಗೆ. ಎಪ್ಪತ್ತರ ಹತ್ತಿರದ ಅತ್ತೆ ಸೀರೆ ಎತ್ತಿ ಕಟ್ಟಿ, ತಲೆಗೆ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ಮುಂದೆ ಮುಂದೆ; ದಾರಿಯ ಪ್ರತಿ ಮನೆಯ ಹೆಂಗಸರೂ "ಹ್ವಾಯ್ ಗುಲಾಬಿ, ಮೀನ್ ಎಲ್ಲಿತ್ತ್?" ಎಂದು ಕೂಗಿ ಅವರನ್ನು ನಿಲ್ಲಿಸುವವರೇ. ಹಿಂದೆ ಕೊಡೆ ಹಿಡಿದು, ಪಂಚೆ ಎತ್ತಿಕೊಂಡು, ಹೆಜ್ಜೆಗೊಮ್ಮೆ ನರಳುತ್ತ ಮಾಸ್ಟ್ರು. ಕೊನೆಯಲ್ಲಿ ಇಬ್ಬರಿಗಿಂತ ಚಿಕ್ಕವಳಾದ ನಾನು ಜಾರಿ ಬೀಳುತ್ತ ಏಳುತ್ತ. ಪಾರೆ ಹತ್ತಿದಾಗ ಮಳೆ ತುಸು ತಡೆದಿತ್ತು. ಗೆರೆಗಳಲ್ಲಿ ನೀರು ನಿಂತು ಎತ್ತುಗಳೆಲ್ಲ ಹೊಳೆಯುತ್ತಿದ್ದವು. ನಾನು ಮೊದಲ ಸಲ ನಿಜವಾಗಿ ನೋಡಿದೆ ಅನಿಸಿತು. ಅತ್ತೆ ಸೀದಾ ಹೋಗಿ ಸುತ್ತು ಗೆರೆಯ ಪಕ್ಕದ ಏರು ಕಲ್ಲಿನ ಮೇಲೆ, ಬುಟ್ಟಿ ಇಳಿಸುವವರಂತೆ ಒಂದು ಉಸಿರು ಬಿಟ್ಟು ಕೂತರು.

ಈ ಅಂಚಿನ ಗೇರುಮರದ ಬುಡದಲ್ಲಿ ಮಾಸ್ಟ್ರು ಹೊಡೆದಿದ್ದ ಮರದ ಗೂಟ ಒರಲೆ ತಿಂದು ಮುಗಿದಿತ್ತು. ಅದಕ್ಕೆ ಜಡಿದಿದ್ದ ತಗಡಿನ ಚೂರು ನೆಲದಲ್ಲಿತ್ತು: ಮೂರು. ಪಾರೆ ದಾಟಿ ಆ ಅಂಚಿಗೆ ಹೋಗಿ ಹುಲ್ಲು ಸರಿಸಿದರೆ ನಮ್ಮವರು ಹೊಡೆದಿದ್ದ ಕಬ್ಬಿಣದ ಗೂಟ: ಹನ್ನೊಂದು. ಎರಡರ ನಡುವಿನ ದೂರವನ್ನು ಮಾಸ್ಟ್ರು ಹೆಜ್ಜೆ ಎಣಿಸಿ ನೋಡಿದರು. ಒಂದು ಸಾಧಾರಣ ಮದುವೆ ಚಪ್ಪರ ಹಾಕಬಹುದಾದಷ್ಟು.

"ನಾನ್ ಬಿಸ್ಲಲ್ ಸತ್ತ್ ಬರ್ದೆ. ನೀವು ಹುಲ್ಲಲ್ ಬರ್ದ್ರಿ" ಎಂದರು ಮಾಸ್ಟ್ರು, ಕಲ್ಲನ್ನೇ ನೋಡುತ್ತ. "ಆದ್ರೂ ಕಾಣಿ ಮೇಡಂ, ನನ್ ಅಳತಿ ನಿಮ್ ಅಳತಿ ಒಂದ್ ಕೂದ್ಲೂ ಆಚೀಚೆ ಆಯ್ಲಿಲ್ಲೆ. ಹಳೇ ಬಟ್ಟಿ ಟೇಪ್ ನಂದ್." ಆಮೇಲೆ ಕೇಳಿದರು: "ನಿಮ್ದ್ರಲ್ ಒಂದ್ ಹೆಚ್ಚಿತ್ತಲೆ, ನಾನ್ ಬಿಟ್ಟದ್ದ್? ಅದೆಲ್ಲಿತ್ತ್?" ನಾನು ತೋರಿಸಿದೆ. ಮಾಸ್ಟ್ರು ನೋವಿನ ಮಂಡಿಯನ್ನು ಒದ್ದೆ ಕಲ್ಲಿಗೆ ಊರಿ ಕೂತು ಬೆರಳಾಡಿಸಿ ನೋಡಿದರು. ಅತ್ತೆ ಕೂತಲ್ಲಿಂದಲೇ ಕೂಗಿದರು: "ಅದ್ ಚಿತ್ರ ಅಲ್ಲ ಮಾಸ್ಟ್ರೆ! ಕತ್ತಿ ಮಸೂಕೆ ಮಕ್ಕಳ್ ತಿಕ್ಕಿದ್ದ್ ಅದ್!" ಮಾಸ್ಟ್ರ ಮುಖ ಎಷ್ಟೋ ಹಗುರಾಯಿತು. ಜೀವನದ ಕೆಲಸ ಮುಳುಗಿದ್ದಕ್ಕಿಂತ, ತಾನು ಒಂದು ಚಿತ್ರ ಬಿಟ್ಟಿರಲಿಲ್ಲ ಎಂಬುದು ಅವರಿಗೆ ದೊಡ್ಡದಾಗಿತ್ತು. ನನ್ನ ಹೊಸ 'ಇತರೆ' ಹೀಗೆ ಕತ್ತಿ ಮಸೆದ ಗುರುತಾಗಿ ಹೋಯಿತು.

"ಸಂಕಿರಣದಲ್ ನಿಜ ಹೇಳುವ" ಎಂದರು ಮಾಸ್ಟ್ರು ಇಳಿಯುವಾಗ. "ಇಬ್ರು ಬೇರೆ ಬೇರೆ ಅಳ್ದ್ರೂ ಒಂದೇ ಬಂತ್ ಅಂಬುದೂ ಒಂದ್ ವಿಷ್ಯವೇ ಅಲ್ದಾ?" ಅವರ ಧ್ವನಿಯಲ್ಲಿ ನಂಬಿಕೆಗಿಂತ ನನ್ನನ್ನು ಸಂತೈಸುವ ಆಸೆಯೇ ಹೆಚ್ಚಿತ್ತು.

ಹಾಗೆಂದೇ ಹೊಸದಾಗಿ ಬರೆದುಕೊಂಡು ಬ್ರಹ್ಮಾವರಕ್ಕೆ ಹೋದೆ. ಮಾಸ್ಟ್ರು ಹೊಸ ಅಂಗಿಯಲ್ಲಿ ಮೊದಲ ಸಾಲಿನಲ್ಲಿ ಕೂತರು. ನನ್ನ ಸರದಿ ಬಂದದ್ದು ಊಟದ ನಂತರ. ಊಟಕ್ಕೆ ಹಯಗ್ರೀವದ ಸಿಹಿ ಇತ್ತು. ಸಭೆಯಲ್ಲಿ ಕಣ್ಣು ತೆರೆದಿದ್ದವರು ಮೈಕಿನವನು, ಮಾಸ್ಟ್ರು, ನಾನು. ಅಧ್ಯಕ್ಷರು ಆಗಾಗ ಬೆಚ್ಚಿಬಿದ್ದು ಗಂಟೆ ಒತ್ತುತ್ತಿದ್ದರು. ಬೆವರು ಒರೆಸಿಕೊಳ್ಳುತ್ತ, ನನ್ನ ಸಾರಾಂಶ ತಪ್ಪು, ಅವಳಿ ಪಾರೆ ಇಲ್ಲ, ಅದು ಒಂದೇ ಪಾರೆ, ತಪ್ಪು ನನ್ನದು, ತೋರಿಸಿಕೊಟ್ಟವರು ನನ್ನ ಅತ್ತೆ ಎಂದು ಬಿಡಿಸಿ ಬಿಡಿಸಿ ಹೇಳಿದೆ. ಜೀವಮಾನದಲ್ಲಿ ಅಷ್ಟು ಸತ್ಯವನ್ನು ಒಟ್ಟಿಗೆ ಹೇಳಿದವಳಲ್ಲ ನಾನು. ಅಧ್ಯಕ್ಷರು ಎದ್ದು, ಅಚ್ಚಾದ ಸಾರಾಂಶದ ಮೇಲೆ ಕಣ್ಣಾಡಿಸಿ, "ಕರಾವಳಿಯ ಅವಳಿ ಪಾರೆಗಳನ್ನು ಬೆಳಕಿಗೆ ತಂದ ಮೇಡಂ ಅವರಿಗೆ ಅಭಿನಂದನೆಗಳು" ಎಂದರು. ನಾನು ಗಡಬಡಿಸಿ ಎದ್ದು, "ಸರ್, ಎರಡೂ ಒಂದೇ ಸರ್" ಎಂದೆ. "ಹೌದು ಹೌದು, ಸಾಂಸ್ಕೃತಿಕವಾಗಿ ಎರಡೂ ಒಂದೇ. ಬಹಳ ಚೆನ್ನಾಗಿ ಹೇಳಿದಿರಿ" ಎಂದು ಅವರು ಗಂಟೆ ಒತ್ತಿದರು. ಚಪ್ಪಾಳೆ ಬಿತ್ತು. ಗಾಢ ನಿದ್ದೆಯಲ್ಲಿದ್ದವರೂ ತಟ್ಟಿದರು.

ಆಮೇಲಿನದು ಚಿಕ್ಕ ಕಥೆ. ಸಂಕಿರಣದ ಸಂಪುಟದಲ್ಲಿ ಹಳೆಯ ಸಾರಾಂಶವೇ ಅಚ್ಚಾಯಿತು. ತಿದ್ದುಪಡಿ ಕೋರಿ ಬರೆದ ಎರಡು ಪತ್ರಗಳಿಗೆ ಉತ್ತರ ಬರಲಿಲ್ಲ. ಗೈಡ್ ಪ್ರೊಫೆಸರಿಗೆ ವಿಷಯ ತಿಳಿಸಿದಾಗ ಅವರು "ಮೂರನ್ನೋ ಹನ್ನೊಂದನ್ನೋ ತೆಗೆದರೆ ಪ್ರಬಂಧದಲ್ಲಿ ಉಳಿಯುವುದೇನಮ್ಮ?" ಎಂದರು. ಹದಿಮೂರು ಪಾರೆಗಳು ಉಳಿಯುತ್ತವೆ, ಒಂದಕ್ಕೊಂದು ಏನೇನೂ ಸಂಬಂಧವಿಲ್ಲದವು ಎಂದೆ. ಅವಧಿ ಮುಗಿಯಿತು. ಸ್ಟಾಫ್ ರೂಮಿನವರು ತಿಂದ ಬೊಂಡವನ್ನು ಮರೆಯುವಷ್ಟು ದ್ರೋಹಿಗಳಾಗಿರಲಿಲ್ಲ, ವಾರಕ್ಕೊಮ್ಮೆ ಅದರ ವಿಷಯ ಎತ್ತುತ್ತಿದ್ದರು. ಕಂಪ್ಯೂಟರಿನ ಜೀವ ಒಂದು ಸಿಡಿಲಿಗೆ ಹೋಯಿತು. ನಾನು ಮತ್ತೆ ಬಟ್ಟೆ ಹೊಲಿಯತೊಡಗಿದೆ. ಮಾಸ್ಟ್ರು ಇನ್ನೂ ಕೆಲವು ವರ್ಷ ಇದ್ದರು. ಮಂಡಿ ಪೂರ್ತಿ ಕೈಕೊಟ್ಟ ಮೇಲೂ ಫೋನಿನಲ್ಲಿ, "ನಮ್ ಅಳತಿ ಮಾತ್ರ ಸಮ ಇದ್ದಿತ್ ಮೇಡಂ" ಎನ್ನುತ್ತಿದ್ದರು. ಅವರು ಹೋದ ದಿನ ನಾನು ಆ ಹಾಳೆಗಳನ್ನು ತೆಗೆದು ನೋಡಿ ಕಣ್ಣೀರು ಹಾಕಿದೆ.

ಮೊನ್ನೆ, ಅಂದರೆ ಇದೆಲ್ಲ ಆಗಿ ಹತ್ತು ವರ್ಷ ದಾಟಿ, ಹೈವೇ ಅಗಲವಾಗಿ ಸಾಸ್ತಾನದಲ್ಲಿ ಟೋಲ್‌ಗೇಟು ಬಂದ ಮೇಲಿನ ಕಾಲದಲ್ಲಿ, ಒಬ್ಬ ಯುವ ಸಂಶೋಧಕಿ ನಮ್ಮ ಮನೆ ಹುಡುಕಿಕೊಂಡು ಬಂದಳು. ಕಲಬುರಗಿ ಕಡೆಯವಳು, ಪೂರ್ಣಿಮಾ ಎಂದು ಹೆಸರು. ಬಂದವಳೇ ನನ್ನ ಕಾಲು ಮುಟ್ಟಿ ನಮಸ್ಕರಿಸಿದಳು. ಲ್ಯಾಪ್‌ಟಾಪು ಬಿಚ್ಚಿದಳು. ರಾಜ್ಯದ ಶಿಲಾಚಿತ್ರಗಳೆಲ್ಲ ಅದರಲ್ಲಿದ್ದವು. ಭೂಪಟದ ಮೇಲೆ ಚುಕ್ಕಿಗಳು, ಹೋಲಿಕೆ ಇದ್ದಲ್ಲಿ ಚುಕ್ಕಿಯಿಂದ ಚುಕ್ಕಿಗೆ ಗೆರೆ. ಎಲ್ಲ ತೆಳುವಾದ ಗೆರೆಗಳು. ಕರಾವಳಿಯಲ್ಲಿ ಮಾತ್ರ ಎರಡು ಚುಕ್ಕಿಗಳ ನಡುವೆ ಹಗ್ಗದಷ್ಟು ದಪ್ಪನೆಯ ಕೆಂಪು ಗೆರೆ. "ನಿಮ್ಮ ಅವಳಿ ಪಾರೆ ಮೇಡಂ" ಎಂದಳು. ಅವಳ ಕಣ್ಣು ಹೊಳೆಯುತ್ತಿತ್ತು. "ಇಡೀ ರಾಜ್ಯದಾಗ ಇಂಥಾ ಹೋಲಿಕಿ ಮತ್ತೊಂದಿಲ್ರಿ. ನಿಮ್ಮ ಲೇಖನ ಓದೇ ನಾ ಈ ವಿಷಯ ತಗೊಂಡೀನ್ರಿ. ಎರಡೂ ಪಾರೆ ತೋರಿಸ್ತೀರೇನ್ರಿ?"

ನಾನು ಬಾಯಿ ತೆರೆದೆ. ನನ್ನ ಕೆಲಸವನ್ನು ಒಬ್ಬರು ಓದಿದ್ದು, ಓದಿ ಮೆಚ್ಚಿದ್ದು, ಮೆಚ್ಚಿ ಅಷ್ಟು ದೂರದಿಂದ ಬಂದದ್ದು ಅದೇ ಮೊದಲು. "ಮೊದಲು ಕಾಫಿ ಕುಡಿಯೋಣ" ಎಂದೆ. ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಅತ್ತೆ, ಈಗ ಬಾಯಲ್ಲಿ ಹಲ್ಲಿಲ್ಲ, ಮಾತು ಇನ್ನೂ ಚುರುಕು, ಒಂದೇ ಉಸಿರಿಗೆ ಹೇಳಿದರು: "ಎರ್ಡ್ ಎಲ್ಲಿತ್ತೆ? ಒಂದೇ ಕಲ್ಲಲ್ದಾ ಅದ್? ಹೇಳೂಕೆಂತ ದಾಡಿ ನಿಂಗೆ?"

ಪೂರ್ಣಿಮಾ ಮುಗುಳ್ನಕ್ಕು ನನ್ನ ಕಡೆ ನೋಡಿದಳು. "ಅಜ್ಜಿ ಏನಂದ್ರು ಮೇಡಂ? ಕಲ್ಲು ಅಂತ ಕೇಳಿಸ್ತು."

"ಮಳೆಗಾಲದಲ್ಲಿ ಕಲ್ಲು ಜಾರುತ್ತದೆ, ಈಗ ಹೋಗಬೇಡಿ ಅನ್ನುತ್ತಿದ್ದಾರೆ" ಎಂದೆ.

ಅವಳು ಅಜ್ಜಿಯ ಕಾಳಜಿಗೆ ಕರಗಿ, ಅವರ ಕಾಲಿಗೂ ನಮಸ್ಕರಿಸಿ, ಬೇಸಿಗೆಯಲ್ಲಿ ಬರುವುದಾಗಿ ಹೇಳಿ, ವಿಳಾಸದ ಚೀಟಿ ಕೊಟ್ಟು ಹೋದಳು. ಅತ್ತೆಗೆ ಕಿವಿ ಮಂದವಾಗಿದೆ ಎಂದು ನಾನು ತಿಳಿದಿದ್ದೆ. ಗೇಟು ಹಾಕಿದ ಸದ್ದು ಕೇಳುವವರೆಗೆ ಕಾದು ಅವರು ನನ್ನನ್ನೇ ನೋಡುತ್ತ ಕೇಳಿದರು: "ಇಷ್ಟ್ ಹೇಳುಕೆ ಅಷ್ಟೆಲ್ಲ ಓದ್ಬೇಕಾ, ಹೆಣೆ?"

ಎಲ್ಲವನ್ನೂ ಬರೆದು ಆ ಹುಡುಗಿಗೆ ಕಳಿಸುತ್ತೇನೆ ಎಂದು ಅತ್ತೆಗೆ ಮಾತು ಕೊಟ್ಟೆ. ಇಗೋ, ಬರೆದದ್ದಾಯಿತು. ಇನ್ನು ಆ ಚೀಟಿ ಸಿಗಬೇಕು. ಹುಡುಕುತ್ತಿದ್ದೇನೆ. ಮನೆ ಮೇಲೆ ಕೆಳಗೆ ಮಾಡಿ ಹುಡುಕುತ್ತಿದ್ದೇನೆ ಎಂದು ಮಾತ್ರ ಹೇಳಲಾರೆ.